ಕಂಪವಾತ ಮತ್ತು ಮಿದುಳಿನ ಕರಿಯ ಕೋಶಗಳು

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹುಮನಾಬಾದನ್ನು ಮುಟ್ಟುವ ಮೊದಲು, ಮನ್ನಾಏಖೇಳ್ಳಿ ಎಂಬ ಊರು ಸಿಕ್ಕುತ್ತದೆ. ಬೀದರಿನ ದಾರಿ ಅಲ್ಲಿ ಹೆದ್ದಾರಿಗೆ ಬಂದು ಕೂಡುತ್ತದೆ. ಸುತ್ತಲೂ ತೊಗರಿ, ಉದ್ದು, ಜೋಳದ ಹೊಲಗಳು. ಪಡುವಣಕ್ಕೆ ಇನ್ನಷ್ಟು ದೂರ ನಡೆದರೆ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣ. ಈ ಸೀಮೆಯ ಯಾವ ಊರಿನ ಓಣಿಯಲ್ಲಾದರೂ ಒಬ್ಬ ಮುತ್ಯಾ ಕಟ್ಟೆಯ ಮೇಲೆ ಕುಳಿತಿರುವುದುಂಟು. ಕೈಗೆ ಕೆಲಸವಿಲ್ಲದಾಗಲೂ ಅವನ ಹೆಬ್ಬೆರಳು ತೋರುಬೆರಳುಗಳು ತಂಬಾಕು ತಿಕ್ಕುವಂತೆ ತಾವೇ ಆಡುತ್ತಿರುತ್ತವೆ. ರುಮಾಲು ಸುತ್ತಿಕೊಳ್ಳುವುದಕ್ಕೆ ಮೊದಲಿಗಿಂತ ಮೂರು ಪಾಲು ಹೊತ್ತು ಹಿಡಿಯುತ್ತದೆ. ಹೊಸ್ತಿಲ ಬಳಿ ಬಂದಾಗ ಕಾಲುಗಳು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತವೆ. ಮೊಮ್ಮಗು ತೊಡೆಯೇರಿದರೂ ಮುಖದಲ್ಲಿ ನಗೆ ಮೂಡುವುದಿಲ್ಲ. ನಗಬೇಕೆಂಬ ಮನಸ್ಸೇನೋ ಇದ್ದೇ ಇರುತ್ತದೆ. “ಮುತ್ಯಾಗ ವಯಸ್ಸಾಯ್ತು, ವಾಯು ಆಗ್ಯಾದ” ಎಂದು ಮನೆಯವರು ಸುಮ್ಮನಾಗುತ್ತಾರೆ.

ಆದರೆ ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ. ಇದು ಒಂದು ನಿರ್ದಿಷ್ಟವಾದ ರೋಗ. ಮಿದುಳಿನ ಒಂದು ಸಣ್ಣ ಜಾಗದಲ್ಲಿ ಒಂದು ಜಾತಿಯ ಕೋಶಗಳು ಮೆಲ್ಲಮೆಲ್ಲಗೆ ಸಾಯುವುದರಿಂದ ಬರತಕ್ಕದ್ದು. ಇದನ್ನು ಎದುರಿಸುವುದಕ್ಕೆ ವೈದ್ಯರು ಇನ್ನೂರು ವರ್ಷಗಳಿಂದ ಮಾಡಿರುವ ಪ್ರಯತ್ನಗಳನ್ನು ನೋಡಿದರೆ ಎರಡು ದಾರಿಗಳು ಕಾಣುತ್ತವೆ. ಸತ್ತ ಕೋಶಗಳು ಮಾಡುತ್ತಿದ್ದ ಕೆಲಸವನ್ನು ಔಷಧದಿಂದ ತುಂಬಿಕೊಡುವುದು ಒಂದು. ಉಳಿದ ಕೋಶಗಳನ್ನು ಸಾಯದಂತೆ ಕಾಯುವುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಸಾಧ್ಯವಾಗಿದೆ. ಎರಡನೆಯದು ಇಂದಿಗೂ ಕೈಗೂಡಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ರೋಗಿಗಳಿಗೆ ಆಗುತ್ತಿರುವ ನಷ್ಟ ಸಣ್ಣದಲ್ಲವಾದ ಕಾರಣ, ಈ ಇತಿಹಾಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ನಮ್ಮ ವೈದ್ಯಗ್ರಂಥಗಳಿಗೆ ನಡುಕದ ರೋಗ ಹೊಸದಲ್ಲ. ಸರ್ವಾಂಗವೂ ತಲೆಯೂ ನಡುಗುವ ವಾತರೋಗವನ್ನು ಮಾಧವನಿದಾನವು ವೇಪಥು ಎಂದು ಕರೆಯಿತು. ಆಂಧ್ರದೇಶದ ವೀರಶೈವ ವೈದ್ಯನೊಬ್ಬನು ರಚಿಸಿದ ‘ಬಸವರಾಜೀಯ’ದಲ್ಲಿ ಕಂಪವಾತವೆಂಬ ಹೆಸರೇ ಇದೆ. ಕೈಕಾಲುಗಳ ನಡುಕ, ದೇಹದ ತಳಮಳ, ನಿದ್ರಾಭಂಗ, ಬುದ್ಧಿಯ ಕ್ಷೀಣತೆ, ಇವು ಅದರ ಲಕ್ಷಣಗಳೆಂದು ಆ ಗ್ರಂಥ ಎಣಿಸುತ್ತದೆ. ಇವುಗಳಲ್ಲಿ ನಿದ್ರಾಭಂಗವನ್ನು ಹೇಳಿರುವುದು ಗಮನಿಸತಕ್ಕ ಸಂಗತಿ. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕೆಲವರು ಕನಸಿನಲ್ಲಿ ಕೂಗಿ ಕೈಕಾಲು ಬಡಿಯುತ್ತಾರೆ, ಮೂಗಿಗೆ ವಾಸನೆ ತಿಳಿಯದಂತಾಗುತ್ತದೆ, ಮಲಬದ್ಧತೆ ಕಾಡುತ್ತದೆ ಎಂಬುದನ್ನು ಆಧುನಿಕ ವೈದ್ಯವು ಬಹಳ ತಡವಾಗಿ ಅರಿತುಕೊಂಡಿತು. ಹಾಗೆಂದು ಪ್ರಾಚೀನರ ಕಂಪವಾತವೆಲ್ಲವೂ ಇಂದಿನ ಈ ರೋಗವೇ ಎಂದು ಹೆಮ್ಮೆಪಟ್ಟುಕೊಳ್ಳುವುದು ಸರಿಯಾಗದು. ನಡುಕಕ್ಕೆ ಕಾರಣಗಳು ಹಲವು. ಹಿಂದಿನವರು ಅವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿರಬಹುದು.

ರೋಗವನ್ನು ಬಿಡಿಸಿ ತೋರಿಸಿದ ಕೀರ್ತಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನಿಗೆ ಸಲ್ಲಬೇಕು. 1817ರಲ್ಲಿ ಅವನು ‘ನಡುಕದ ಪಾರ್ಶ್ವವಾಯು’ವನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದನು. ಅದರಲ್ಲಿರುವುದು ಕೇವಲ ಆರು ಜನರ ವೃತ್ತಾಂತ. ಅವರಲ್ಲಿ ಮೂವರನ್ನು ಅವನು ಕಂಡದ್ದು ಬೀದಿಯಲ್ಲಿ. ಆ ಮೂವರಲ್ಲಿಯೂ ಒಬ್ಬನನ್ನು ದೂರದಿಂದಷ್ಟೇ ನೋಡಿದ್ದನು. ಆದರೂ ಮುಂದಕ್ಕೆ ಬಾಗಿದ ಮೈ, ನಡೆಯಹೋದರೆ ಓಡಿಸಿಕೊಂಡು ಹೋಗುವ ಕಾಲು, ಸುಮ್ಮನಿದ್ದಾಗಲೇ ಹೆಚ್ಚಾಗುವ ನಡುಕ, ಇವನ್ನೆಲ್ಲ ಅವನು ಹಿಡಿದಿಟ್ಟ ರೀತಿ ಅಚ್ಚರಿ ಹುಟ್ಟಿಸುತ್ತದೆ. ರೋಗ ಎಲ್ಲಿ ಹುಟ್ಟುತ್ತದೆಂಬ ಅವನ ಊಹೆ ತಪ್ಪಾಗಿತ್ತು. ಆದರೆ ರೋಗ ಗುಣವಾಗದಿದ್ದರೂ ಅದರ ಮುನ್ನಡೆಯನ್ನು ತಡೆದು ನಿಲ್ಲಿಸುವ ಉಪಾಯ ಬೇಗನೆ ದೊರಕೀತೆಂದು ಅವನು ಆಸೆಪಟ್ಟನು. ಆ ಆಸೆಗೆ ಈಗ ಇನ್ನೂರು ವರ್ಷ ದಾಟಿತು. ಪ್ಯಾರಿಸಿನ ಶಾರ್ಕೊ ಎಂಬ ಮಹಾವೈದ್ಯನು ಮುಂದೆ ಈ ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟನು.

ರೋಗದ ನೆಲೆ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಮಿದುಳಿನ ಬುಡದಲ್ಲಿ, ನಡುಮಿದುಳಿನ ಎರಡು ಪಕ್ಕಗಳಲ್ಲಿಯೂ, ಬರಿಗಣ್ಣಿಗೇ ಕಾಣುವ ಒಂದು ಕರಿಯ ಪಟ್ಟೆಯುಂಟು. ಅಲ್ಲಿಯ ಕೋಶಗಳಲ್ಲಿ ವಯಸ್ಸಿನೊಂದಿಗೆ ಕಪ್ಪು ಬಣ್ಣ ಕೂಡುತ್ತ ಹೋಗುತ್ತದೆ. 1919ರಲ್ಲಿ ಪ್ಯಾರಿಸಿನಲ್ಲಿ ಟ್ರೆಟ್ಯಾಕಾಫ್ ಎಂಬ ತರುಣ ವೈದ್ಯನು ತನ್ನ ಪ್ರಬಂಧದಲ್ಲಿ, ಈ ರೋಗದಿಂದ ಸತ್ತವರ ಮಿದುಳಿನಲ್ಲಿ ಆ ಪಟ್ಟೆ ಮಾಸಿ ಬಿಳಿಚಿಕೊಂಡಿರುವುದನ್ನು ತೋರಿಸಿಕೊಟ್ಟನು. ಅದಕ್ಕೆ ಏಳು ವರ್ಷ ಮೊದಲು ಲೆವಿ ಎಂಬ ಜರ್ಮನ್ ವೈದ್ಯನು ರೋಗಿಗಳ ಮಿದುಳಿನ ಕೋಶಗಳೊಳಗೆ ದುಂಡನೆಯ ಮುದ್ದೆಗಳನ್ನು ಕಂಡಿದ್ದನು. ಈ ಮುದ್ದೆಗಳು ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಗಂಟುಕಟ್ಟಿಕೊಂಡು ಆದವೆಂದು ತಿಳಿದದ್ದು 1997ರಲ್ಲಿ. ಕೈ ನಡುಗಿ ರೋಗಿ ವೈದ್ಯರ ಬಳಿ ಬರುವ ಹೊತ್ತಿಗೆ ಆ ಪಟ್ಟೆಯ ಕೋಶಗಳಲ್ಲಿ ಸುಮಾರು ಅರ್ಧ ಹೋಗಿಬಿಟ್ಟಿರುತ್ತವೆ. ಕೋಶಗಳನ್ನು ಕಾಯುವ ಕೆಲಸದ ಕಷ್ಟವೆಲ್ಲ ಇಲ್ಲಿಯೇ ಇದೆ. ಕಳ್ಳ ಕಣಜದ ಅರ್ಧವನ್ನು ಹೊತ್ತೊಯ್ದ ಮೇಲೆ ನಾಯಿ ಬೊಗಳಿದ ಹಾಗೆ.

ಈ ಕೋಶಗಳು ಮಾಡುವ ಕೆಲಸವೇನೆಂಬುದು ಗೊತ್ತಾದ ಕಥೆಯಲ್ಲಿ ನಮ್ಮ ನಾಡಿನ ಎರಡು ಗಿಡಗಳ ಪಾತ್ರವಿದೆ. ಮೊದಲನೆಯದು ಸರ್ಪಗಂಧ. ಹುಚ್ಚಿಗೂ ನಿದ್ದೆಗೆಟ್ಟವರಿಗೂ ಅದರ ಬೇರನ್ನು ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಅದರ ಪ್ರಯೋಜನವನ್ನು ಬರೆದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಮ್ ವಕೀಲರು ಅದನ್ನು ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ತೆಗೆದರು. ಅದನ್ನು ಹೆಚ್ಚಾಗಿ ಸೇವಿಸಿದ ಕೆಲವರಿಗೆ ಪಾರ್ಕಿನ್ಸನ್ ರೋಗದಂತೆಯೇ ಮೈ ಬಿಗಿದು ನಡುಕ ಹುಟ್ಟಿತು. ಔಷಧದ ಈ ದೋಷವೇ ಒಂದು ಸುಳಿವಾಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪೀನ್ ಚುಚ್ಚಿದರು. ಮೊಲಗಳು ಕಿವಿ ಜೋತುಬಿಟ್ಟು, ಕಣ್ಣು ಮುಚ್ಚಿ, ಕದಲದೆ ಬಿದ್ದವು. ಆಮೇಲೆ ಲೆವೊಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಅವು ಎದ್ದು ಓಡಾಡಿದವು. ಲೆವೊಡೋಪಾ ಮಿದುಳಿನಲ್ಲಿ ಡೋಪಮೀನ್ ಆಗುತ್ತದೆ. ಅಂಗಗಳ ಚಲನೆಗೆ ಬೇಕಾದ ಸುದ್ದಿಯನ್ನು ಒಯ್ಯುವುದು ಡೋಪಮೀನ್. ಕರಿಯ ಪಟ್ಟೆಯ ಕೋಶಗಳು ತಯಾರಿಸುವುದು ಅದನ್ನೇ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎರಡನೆಯ ಗಿಡ ನಸುಗುನ್ನಿ. ಸಂಸ್ಕೃತದಲ್ಲಿ ಕಪಿಕಚ್ಛು, ಆತ್ಮಗುಪ್ತ. ಇದರ ಕಾಯಿಯ ಮೇಲಿನ ರೋಮ ಸೋಕಿದರೆ ಮೈಯೆಲ್ಲ ತುರಿಕೆ. ಹಳ್ಳಿಯ ಹುಡುಗರಿಗೆ ಈ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು ಇದರ ಬೀಜದಿಂದ ಲೆವೊಡೋಪಾವನ್ನು ಬೇರ್ಪಡಿಸಿದರು. ಬೀಜದ ತೂಕದಲ್ಲಿ ನೂರಕ್ಕೆ ಮೂರರಿಂದ ಆರು ಪಾಲಿನಷ್ಟು ಲೆವೊಡೋಪಾವೇ ಇರುತ್ತದೆ. ಆದರೆ ಅದರಿಂದ ಏನು ಪ್ರಯೋಜನವೆಂದು ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. 1913ರಲ್ಲಿ ಬಾಸೆಲ್ ನಗರದ ಗುಗೆನ್‌ಹೈಮ್ ಎಂಬಾತನು ಬೇರೊಂದು ಜಾತಿಯ ಅವರೆಯಿಂದ ಇದನ್ನೇ ತೆಗೆದು, ಎರಡೂವರೆ ಗ್ರಾಮಿನಷ್ಟನ್ನು ತಾನೇ ನುಂಗಿ, ವಾಂತಿ ಮಾಡಿಕೊಂಡು, ಇದು ಕೆಲಸಕ್ಕೆ ಬಾರದ ವಸ್ತುವೆಂದು ಬಿಟ್ಟಿದ್ದನು!

ಕಾರ್ಲ್‌ಸನ್ನರ ಮೊಲಗಳಾದ ಮೇಲೆ ಸಂಗತಿಗಳು ಬೇಗ ಬೇಗ ನಡೆದವು. 1960ರಲ್ಲಿ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮತ್ತು ಅವರ ಜೊತೆಗಾರರು ಸತ್ತ ರೋಗಿಗಳ ಮಿದುಳಿನಲ್ಲಿ ಡೋಪಮೀನ್ ತೀರ ಕುಗ್ಗಿರುವುದನ್ನು ಅಳೆದು ತೋರಿಸಿದರು. ಮರುವರ್ಷ ರೋಗಿಗಳಿಗೆ ಲೆವೊಡೋಪಾ ಚುಚ್ಚಿದಾಗ, ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. 1967ರಲ್ಲಿ ಅಮೆರಿಕದ ಕೋಟ್ಸಿಯಾಸ್ ಬಾಯಿಯಿಂದಲೇ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುವ ಕ್ರಮವನ್ನು ಸ್ಥಾಪಿಸಿದರು. ಇಂದಿಗೂ ಈ ರೋಗಕ್ಕೆ ಮುಖ್ಯ ಔಷಧ ಅದೇ. ನಸುಗುನ್ನಿ ಬೀಜದ ಪುಡಿಯನ್ನೂ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ: 1978ರಲ್ಲಿ ನಮ್ಮ ದೇಶದ ವೈದ್ಯರು, 1995ರಲ್ಲಿ 60 ರೋಗಿಗಳ ಮೇಲೆ ಇನ್ನೊಂದು ತಂಡ, 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ. ಗುಣ ಕಂಡದ್ದು ನಿಜ. ಕಾಣಲೇಬೇಕು, ಏಕೆಂದರೆ ಒಳಗಿರುವುದು ಅದೇ ಲೆವೊಡೋಪಾ.

ಇಲ್ಲಿ ಸ್ವಲ್ಪ ನಿಲ್ಲೋಣ. ನಸುಗುನ್ನಿಯ ಪುಡಿ ಮಿದುಳಿನ ಕೋಶಗಳನ್ನು ರಕ್ಷಿಸುತ್ತದೆ, ಮಾತ್ರೆ ಅವನ್ನು ಕೊಲ್ಲುತ್ತದೆ ಎಂಬ ಮಾತು ಅಂಗಡಿಗಳಲ್ಲಿಯೂ ನೆಂಟರಿಷ್ಟರ ನಡುವೆಯೂ ಓಡಾಡುತ್ತದೆ. ಇದನ್ನು ನಂಬಿ ಮಾತ್ರೆಯನ್ನು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಒಮ್ಮೆಗೇ ನಿಲ್ಲಿಸುವವರೂ ಇದ್ದಾರೆ. ಒಮ್ಮೆಗೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಈ ಅಂಜಿಕೆಗೆ ಉತ್ತರ ಹುಡುಕಲು ನೆದರ್ಲೆಂಡ್ಸಿನಲ್ಲಿ 445 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲಿನಿಂದಲೇ, ಇನ್ನೊಂದು ಗುಂಪಿಗೆ ನಲವತ್ತು ವಾರ ತಡವಾಗಿ ಲೆವೊಡೋಪಾ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಹೊರಬಿತ್ತು. ಕೊನೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಎಂದರೆ ಲೆವೊಡೋಪಾ ಕೋಶಗಳನ್ನು ಕಾಯುವುದೂ ಕಾಣಲಿಲ್ಲ, ಕೆಡಿಸುವುದೂ ಕಾಣಲಿಲ್ಲ. ಅದು ಕೊರತೆಯನ್ನು ತುಂಬುತ್ತದೆ. ಮಾತ್ರೆಗೆ ಹೆದರಿ ಕಟ್ಟೆಯ ಮೇಲೆ ಕುಳಿತೇ ಕಳೆದ ವರ್ಷಗಳು ವ್ಯರ್ಥವೇ ಸರಿ.

ಇನ್ನು ಕಾಯುವ ಪ್ರಯತ್ನದ ಕಥೆ. ಅದು ಆರಂಭವಾದದ್ದು ಒಂದು ವಿಷದಿಂದ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ತರುಣರು ಕಳ್ಳತನದಲ್ಲಿ ತಯಾರಾದ ಮಾದಕವಸ್ತುವೊಂದನ್ನು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಹಣ್ಣುಮುದುಕರ ಹಾಗೆ ಮೈಬಿಗಿದು ಹೋದರು. ಆ ಮಾದಕವಸ್ತುವಿನಲ್ಲಿ ಎಂ.ಪಿ.ಟಿ.ಪಿ. ಎಂಬ ಕಲಬೆರಕೆಯಿದ್ದುದನ್ನು ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಕಂಡುಹಿಡಿದರು. ಅದು ಮಿದುಳನ್ನು ಹೊಕ್ಕು, ಅಲ್ಲಿಯ ಒಂದು ಕಿಣ್ವದಿಂದ ವಿಷವಾಗಿ ಮಾರ್ಪಟ್ಟು, ಕರಿಯ ಕೋಶಗಳಿಗೆ ಶಕ್ತಿಯೊದಗಿಸುವ ಒಲೆಯನ್ನೇ ಆರಿಸಿಬಿಡುತ್ತದೆ. ಹೊರಗಿನ ವಿಷದಿಂದ ಈ ಕೋಶಗಳು ಸಾಯಬಹುದಾದರೆ ಹೊಲದ ವಿಷಗಳ ಗತಿಯೇನು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಮೀನು ಹಿಡಿಯಲು ಬಳಸುವ ಬೇರಿನಿಂದ ಬರುವ ರೋಟಿನೋನ್ ಎಂಬ ಕೀಟನಾಶಕವು ಇಲಿಗಳಲ್ಲಿ ಇದೇ ರೋಗವನ್ನು ತರುತ್ತದೆಂದು 2000ದಲ್ಲಿ ತೋರಿಸಿದರು. 2011ರಲ್ಲಿ ಅಮೆರಿಕದ ರೈತರನ್ನು ವಿಚಾರಿಸಿದಾಗ ರೋಟಿನೋನ್ ಮತ್ತು ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದವರಲ್ಲಿ ಈ ರೋಗ ಹೆಚ್ಚೆಂದು ಕಂಡುಬಂದಿತು. ಬೀದರ ಜಿಲ್ಲೆಯ ತೊಗರಿ ಹೊಲದಲ್ಲಿ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವವನು ಬರಿಮೈಯಲ್ಲಿ, ಬಾಯಿಗೆ ಬಟ್ಟೆಯಿಲ್ಲದೆ, ಗಾಳಿಗೆ ಎದುರಾಗಿ ನಿಲ್ಲುವುದನ್ನು ನೋಡಿದವರಿಗೆ ಇದು ದೂರದ ಸುದ್ದಿಯಾಗಿ ಕಾಣಲಾರದು. ಎಲ್ಲ ಕೀಟನಾಶಕಗಳೂ ಈ ರೋಗ ತರುತ್ತವೆಂದು ಹೇಳುವಂತಿಲ್ಲ. ಆದರೆ ಕೋಶಗಳನ್ನು ಕಾಯುವ ಕೆಲಸದಲ್ಲಿ ನಮ್ಮ ಕೈಯಲ್ಲಿಯೇ ಇರುವ ಒಂದು ಭಾಗ ಇದೇ.

ಎಂ.ಪಿ.ಟಿ.ಪಿ.ಯನ್ನು ವಿಷ ಮಾಡುವ ಕಿಣ್ವವನ್ನು ಕಟ್ಟಿಹಾಕಿದರೆ ರೋಗವೇ ನಿಂತೀತೆ? ಈ ಆಸೆಯಿಂದ 1987ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ 800 ರೋಗಿಗಳ ಮೇಲೆ ಸೆಲಿಜಿಲೀನ್ ಮಾತ್ರೆಯನ್ನೂ ವಿಟಮಿನ್ ‘ಇ’ಯನ್ನೂ ಪರೀಕ್ಷಿಸಿದರು. ವಿಟಮಿನ್ ಏನೂ ಮಾಡಲಿಲ್ಲ. ಸೆಲಿಜಿಲೀನ್ ಲೆವೊಡೋಪಾದ ಅಗತ್ಯವನ್ನು ಕೆಲವು ತಿಂಗಳು ಮುಂದೂಡಿತು. ಆದರೆ ಅದು ಕೋಶಗಳನ್ನು ಉಳಿಸಿದ್ದರಿಂದಲೋ, ಇದ್ದ ಡೋಪಮೀನನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿದ್ದರಿಂದಲೋ ಎಂಬ ವಾದ ಮುಗಿಯಲಿಲ್ಲ. ಆಮೇಲಿನದು ನಿರಾಶೆಗಳ ಸಾಲು. ಕೋಎನ್‌ಜೈಮ್ ಕ್ಯೂ 10 ಅನ್ನು 600 ರೋಗಿಗಳಿಗೆ ಕೊಟ್ಟ ಪರೀಕ್ಷೆ ಅರ್ಧದಲ್ಲೇ ನಿಂತಿತು. ಕ್ರಿಯಾಟೀನ್ ಎಂಬ ವಸ್ತುವನ್ನು 1741 ಜನರ ಮೇಲೆ ವರ್ಷಗಟ್ಟಲೆ ನೋಡಿ 2013ರಲ್ಲಿ ಕೈಬಿಟ್ಟರು. ಇಸ್ರಾಡಿಪೀನ್ 2020ರಲ್ಲಿ, ಇನೋಸೀನ್ 2021ರಲ್ಲಿ, ಮಧುಮೇಹದ ಔಷಧವಾದ ಎಕ್ಸೆನಟೈಡ್ 2025ರಲ್ಲಿ ಸೋತವು. ಇವೆಲ್ಲವೂ ಇಲಿ, ಗಾಜಿನ ತಟ್ಟೆ, ಅಥವಾ ಸಣ್ಣ ಪರೀಕ್ಷೆಗಳಲ್ಲಿ ಗೆದ್ದು ಬಂದಿದ್ದವು ಎಂಬುದನ್ನು ಮರೆಯಬಾರದು.

ಇದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕೆಲಸವನ್ನು ನೋಡಬೇಕು. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ರವಿಕುಮಾರ ಹೊಸಮನಿ ಮತ್ತು ಮುರಳೀಧರ ಅವರು ಹಣ್ಣಿನ ನೊಣಗಳಿಗೆ ರೋಟಿನೋನ್ ಉಣಿಸಿ, ನೀರುಬ್ರಾಹ್ಮಿಯ ಸಾರ ಕೊಟ್ಟ ನೊಣಗಳು ಆ ವಿಷವನ್ನು ಹೆಚ್ಚು ತಾಳಿಕೊಂಡವೆಂದು 2009ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶ್ರೀನಿವಾಸ ಭರತ್ ಅವರ ತಂಡ, ಕೋಶಗಳನ್ನು ಸುಡದಂತೆ ಕಾಯುವ ಗ್ಲುಟಾಥಯೋನ್ ಎಂಬ ವಸ್ತು ಕಡಿಮೆಯಾದಾಗ ಆಗುವ ಹಾನಿಯನ್ನು ಅರಿಸಿನದ ಕರ್ಕ್ಯುಮಿನ್ ತಗ್ಗಿಸುತ್ತದೆಂದು 2008ರಲ್ಲಿ ತೋರಿಸಿತು. ಇವು ಪ್ರಾಮಾಣಿಕವಾದ, ಬೆಲೆಯುಳ್ಳ ಕೆಲಸಗಳು. ಆದರೆ ನೊಣದ ಮಿದುಳಿಗೂ ಮುತ್ಯಾನ ಮಿದುಳಿಗೂ ನಡುವೆ ದೂರ ಬಹಳ. ಮೇಲಾಗಿ ತಿಂದ ಅರಿಸಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ತೀರ ಅಲ್ಪ. ಸಾರಿನ ಅರಿಸಿನ ಸಾರಿಗೆ ಸಾಕು. ಅದನ್ನು ಕಂಪವಾತದ ಮದ್ದೆಂದು ಮಾರುವವರ ಮಾತಿಗೆ ಆಧಾರವಿಲ್ಲ. ಇಷ್ಟರಲ್ಲಿ ಕೊಂಚ ಭರವಸೆ ತೋರಿರುವುದು ವ್ಯಾಯಾಮ. ಬೆವರಿಳಿಯುವಷ್ಟು ವೇಗವಾಗಿ ವಾರಕ್ಕೆ ಮೂರು ದಿನ ನಡೆದ ಹೊಸ ರೋಗಿಗಳಲ್ಲಿ ಆರು ತಿಂಗಳ ಕಾಲ ಲಕ್ಷಣಗಳು ಅಷ್ಟಾಗಿ ಬೆಳೆಯಲಿಲ್ಲವೆಂದು 2018ರಲ್ಲಿ ಒಂದು ಪರೀಕ್ಷೆ ತಿಳಿಸಿತು. ಅದು ಕೋಶಗಳನ್ನು ಕಾಯಿತೆಂದು ಹೇಳಲು ಆರು ತಿಂಗಳು ಸಾಲದು. ಆದರೂ ನಡೆಯುವುದಕ್ಕೆ ಖರ್ಚಿಲ್ಲ.

ಈ ಕಥೆಯಲ್ಲಿ ಕನ್ನಡ ನಾಡಿನದೇ ಆದ, ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಾಣುವ ಅಧ್ಯಾಯ ಬೇರೊಂದಿದೆ. ಅದು ಬರಿಯ ಎಣಿಕೆಯ ಕೆಲಸ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. 1995ರಲ್ಲಿ ಅಲ್ಲಿ ಡಾ. ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ ಮಾನವ ಮಿದುಳಿನ ಭಂಡಾರವೊಂದು ಸ್ಥಾಪನೆಯಾಯಿತು. ಉದಯ ಮುಥಣೆ, ಯಶಾ ಮತ್ತು ಶಂಕರ್ ಇವರು ಮಿದುಳಿನ ರೋಗವಿಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳನ್ನು ತೆಗೆದುಕೊಂಡು, ಕರಿಯ ಪಟ್ಟೆಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂಗ್ಲೆಂಡಿನವರ ಮಿದುಳಿಗೆ ಹೋಲಿಸಿದರೆ ನಮ್ಮವರಲ್ಲಿ ಈ ಕೋಶಗಳು ಮೊದಲೇ ಕಡಿಮೆ. ಆದರೆ ಇಂಗ್ಲೆಂಡಿನಲ್ಲಿ ಆರೋಗ್ಯವಂತರಲ್ಲಿಯೂ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು 4.7ರಂತೆ ಈ ಕೋಶಗಳು ಕ್ಷಯಿಸುತ್ತವೆಂದು 1991ರಲ್ಲಿ ಲೆಕ್ಕ ಹಾಕಿದ್ದರು. ನಮ್ಮವರಲ್ಲಿ ವಯಸ್ಸು ಏರಿದರೂ ಅಂಥ ಕ್ಷಯ ಕಾಣಲಿಲ್ಲ. 2009ರಲ್ಲಿ ಫಾಲ್ಗುಣಿ ಅಲ್ಲಾಡಿ ಮತ್ತು ಅವರ ಸಂಗಡಿಗರು ಡೋಪಮೀನ್ ತಯಾರಿಸುವ ಕೋಶಗಳನ್ನೇ ಗುರುತು ಹಚ್ಚಿ ನೋಡಿದಾಗಲೂ ಅದೇ ಉತ್ತರ ಬಂದಿತು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಗಂಟು ದೊಡ್ಡದಾಗಿದ್ದವನಿಗೆ ರೋಗ ಕಡಿಮೆಯಾಗಬೇಕಾಗಿತ್ತು. ಇಲ್ಲಿ ಗಂಟು ಚಿಕ್ಕದು, ಆದರೆ ಸೋರಿಕೆಯಿಲ್ಲ. ಹಾಗಾದರೆ ಆ ಕೋಶಗಳನ್ನು ಏನೋ ಒಂದು ಕಾಯುತ್ತಿರಬೇಕಲ್ಲವೆ? ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆಯೆಂದು ಹಲವು ಸಮೀಕ್ಷೆಗಳು ಹೇಳಿವೆ. ನಮ್ಮಲ್ಲಿ ತರುಣರೇ ಹೆಚ್ಚು, ವೈದ್ಯರವರೆಗೆ ಹೋಗದವರೂ ಹೆಚ್ಚು. ಅದನ್ನೂ ಕಳೆದು ನೋಡಬೇಕು. ಬೆಂಗಳೂರಿನ ಸುತ್ತ ಗೌರಿದೇವಿ, ಗುರುರಾಜ್ ಮೊದಲಾದವರು 1,02,557 ಜನರನ್ನು ಮನೆಮನೆಗೆ ಹೋಗಿ ನೋಡಿ 2004ರಲ್ಲಿ ಕೊಟ್ಟ ವರದಿಯಂತೆ, ನರರೋಗಗಳೆಲ್ಲ ಸೇರಿ ನಗರದಲ್ಲಿ ಲಕ್ಷಕ್ಕೆ 2190, ಹಳ್ಳಿಯಲ್ಲಿ 4070. ನರರೋಗದ ತಜ್ಞರು ಇರುವುದು ಮಾತ್ರ ನಗರದಲ್ಲಿ. ಮನ್ನಾಏಖೇಳ್ಳಿಯಿಂದ ನಿಮ್ಹಾನ್ಸಿಗೆ ಆರುನೂರು ಕಿಲೋಮೀಟರಿಗೂ ಮೇಲೆ. ಇನ್ನೊಂದು ಕಡೆ, ಮುಂಬಯಿಯ ಪಾರಸಿಗಳಲ್ಲಿ 1988ರ ಸಮೀಕ್ಷೆ ಲಕ್ಷಕ್ಕೆ 328 ಪಾರ್ಕಿನ್ಸನ್ ರೋಗಿಗಳನ್ನು ಕಂಡಿತು. ಆ ಸಮಾಜದಲ್ಲಿ ಮುದುಕರು ಹೆಚ್ಚೆಂಬುದು ನಿಜ. ಆದರೂ ಅದೇ ನೆಲ, ಅದೇ ನೀರು.

ಬೆಂಗಳೂರಿನವರ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಆ ನಗರದಲ್ಲಿ ಆಂಗ್ಲೋ ಇಂಡಿಯನ್ ಮನೆತನಗಳು ಬಹಳ ಕಾಲದಿಂದ ನೆಲೆಸಿವೆ. ಯೂರೋಪಿನ ಮತ್ತು ಭಾರತದ ರಕ್ತ ಬೆರೆತ ಇವರಲ್ಲಿ ರೋಗ ನಡುಮಟ್ಟದಲ್ಲಿರಬಹುದೆಂದು ಯಾರಾದರೂ ಊಹಿಸಿಯಾರು. 2003ರಲ್ಲಿ ಮುಥಣೆಯವರ ತಂಡ ಪ್ರಕಟಿಸಿದ್ದು ಬೇರೆಯೇ ಉತ್ತರ: ಇವರಲ್ಲಿ ಈ ರೋಗದ ಸಂಭವ ಉಳಿದ ಭಾರತೀಯರಿಗಿಂತಲೂ ಕಡಿಮೆ. ಇದನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲು ಅಲ್ಲಾಡಿಯವರ ಪ್ರಯೋಗಶಾಲೆ ಎರಡು ಜಾತಿಯ ಇಲಿಗಳನ್ನು ತೆಗೆದುಕೊಂಡಿತು. ಒಂದು ಜಾತಿಯ ಕರಿಯಿಲಿಗೆ ಎಂ.ಪಿ.ಟಿ.ಪಿ. ಕೊಟ್ಟರೆ ಕೋಶಗಳು ಬೇಗ ಸಾಯುತ್ತವೆ. ಇನ್ನೊಂದು ಜಾತಿಯ ಬಿಳಿಯಿಲಿ ಅದನ್ನು ತಾಳಿಕೊಳ್ಳುತ್ತದೆ. ಎರಡನ್ನೂ ಕೂಡಿಸಿ ಹುಟ್ಟಿದ ಮರಿಗಳು ಅದೇ ವಿಷವನ್ನು ಎದುರಿಸಿ ನಿಂತವೆಂದು 2017ರಲ್ಲಿ ವಿದ್ಯಾಧರ ಮತ್ತು ಸಂಗಡಿಗರು ಬರೆದರು.

ಈ ಎಣಿಕೆಗಳೆಲ್ಲ ನಡೆಯಬೇಕಾದರೆ ಮಿದುಳುಗಳು ಬೇಕು. ರೋಗಿಯ ಮಿದುಳು ಎಷ್ಟು ಮುಖ್ಯವೋ ರೋಗವಿಲ್ಲದೆ ಮುಪ್ಪಾದವನ ಮಿದುಳೂ ಅಷ್ಟೇ ಮುಖ್ಯ, ಏಕೆಂದರೆ ಕೋಶಗಳನ್ನು ಉಳಿಸಿಕೊಂಡವನು ಅವನೇ. ಸಾವಿನ ಮನೆಯಲ್ಲಿ, ಅಳು ಇನ್ನೂ ಆರದಿರುವಾಗ, ಮನೆಯವರು ಒಪ್ಪಿಗೆ ಕೊಡಬೇಕು. ಅದೂ ಕೆಲವೇ ಗಂಟೆಗಳೊಳಗೆ. ಆಮೇಲೆ ಮಿದುಳಿನ ಒಂದು ಪಾಲು ಫಾರ್ಮಾಲಿನ್ನಿನಲ್ಲಿ ಗಟ್ಟಿಯಾಗುತ್ತದೆ, ಇನ್ನೊಂದು ಪಾಲು ಹಿಮಕ್ಕಿಂತ ಎಷ್ಟೋ ತಣ್ಣಗಿನ ಪೆಟ್ಟಿಗೆಯಲ್ಲಿ ಸೇರಿಕೊಂಡು, ಎಣಿಸುವವರಿಗಾಗಿ ಕಾದಿರುತ್ತದೆ.